ಓಕ್ಯಾಮಲ್‌ನ ಆಬ್ಜೆಕ್ಟ್‌ಗಳು: ಕೋಅರ್ಷನ್ನನ್ನು ಬರೆದೇ ತೋರಿಸಬೇಕೇಕೆ?

ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆಯಲ್ಲಿ ಬೆಳೆದ ಕ್ಯಾಮಲ್ ಭಾಷೆಗೆ 1996ರಲ್ಲಿ ಆಬ್ಜೆಕ್ಟ್‌ಗಳು ಸೇರಿ ಅದು ಓಕ್ಯಾಮಲ್ ಆಯಿತು. ದಿದಿಯೇ ರೆಮಿ ಮತ್ತು ಜೆರೋಮ್ ವೂಯೋಂ ರೂಪಿಸಿದ ಈ ವ್ಯವಸ್ಥೆಯಲ್ಲಿ ಜಾವಾ ಬಲ್ಲವರನ್ನು ತಡೆದು ನಿಲ್ಲಿಸುವ ನಿಯಮವೊಂದಿದೆ: ಸಬ್‌ಟೈಪಿನ ಆಬ್ಜೆಕ್ಟನ್ನು ಸೂಪರ್‌ಟೈಪಿನದಾಗಿ ಕಾಣಬೇಕಾದರೆ ಆ ಪರಿವರ್ತನೆಯನ್ನು, ಅಂದರೆ ಕೋಅರ್ಷನ್ನನ್ನು, ಪ್ರೋಗ್ರಾಮಿನಲ್ಲಿ ಬರೆದೇ ತೋರಿಸಬೇಕು. ಇದನ್ನು ಭಾಷೆಯ ಕೊರತೆ ಎನ್ನುವವರಿದ್ದಾರೆ. ಟೈಪ್‌ಗಳನ್ನು ತಾನೇ ಊಹಿಸಿಕೊಳ್ಳುವ ಭಾಷೆಗೆ ಇದೇ ತಕ್ಕ ನಿಯಮ ಎಂಬುದು ನನ್ನ ವಾದ.

ಓಕ್ಯಾಮಲ್ ಸೇರಿರುವ ಎಂಎಲ್ ಕುಲದ ಭಾಷೆಗಳಲ್ಲಿ ಟೈಪ್ ಊಹೆ ನಡೆಯುವುದು ಸಮೀಕರಣಗಳ ಮೂಲಕ. ಫಂಕ್ಷನ್ ಬಯಸುವ ಟೈಪ್, ಅದಕ್ಕೆ ಕೊಟ್ಟ ಮೌಲ್ಯದ ಟೈಪ್ ಎರಡೂ ಸಮವಾಗಬೇಕು. ಸಬ್‌ಟೈಪಿಂಗ್ ಎಲ್ಲೆಡೆ ತಾನಾಗಿ ನಡೆಯುವುದಾದರೆ ಈ ಸಮೀಕರಣಗಳೆಲ್ಲ ಅಸಮತೆಗಳಾಗುತ್ತವೆ; ಊಹಿಸಿದ ಟೈಪ್ ಓದಲಾಗದಷ್ಟು ಷರತ್ತುಗಳ ಕಟ್ಟಾಗುತ್ತದೆ.

ಹಾಗೆಂದು ಹೆಜ್ಜೆಹೆಜ್ಜೆಗೂ ಕೋಅರ್ಷನ್ ಬೇಕಿಲ್ಲ. ಆಬ್ಜೆಕ್ಟಿನ ‘ವಿಸ್ತೀರ್ಣ’ ಮೆಥಡನ್ನಷ್ಟೇ ಕರೆಯುವ ಫಂಕ್ಷನ್ ಇದೆ ಎನ್ನೋಣ. ಅದರ ಇನ್‌ಪುಟ್‌ಗೆ ಕಂಪೈಲರ್ ಊಹಿಸುವ ಟೈಪ್ < ವಿಸ್ತೀರ್ಣ : ಫ್ಲೋಟ್; .. >. ಕೊನೆಯ ಎರಡು ಚುಕ್ಕಿಗಳು ‘ಉಳಿದ ಮೆಥಡ್‌ಗಳು ಏನೇ ಇರಲಿ’ ಎನ್ನುವ ಚರಾಕ್ಷರ. ವೃತ್ತವನ್ನೂ ಚೌಕವನ್ನೂ ಈ ಫಂಕ್ಷನ್ನಿಗೆ ನೇರವಾಗಿ ಕೊಡಬಹುದು. ಅವುಗಳ ಕ್ಲಾಸಿನ ಹೆಸರನ್ನು ಯಾರೂ ಕೇಳುವುದಿಲ್ಲ, ಮೆಥಡ್‌ಗಳಿದ್ದರೆ ಸಾಕು. ನಿತ್ಯದ ಬಳಕೆಯ ಬಹುಪಾಲು ಇಷ್ಟರಲ್ಲೇ ಮುಗಿಯುತ್ತದೆ.

ತೊಡಕು ಬರುವುದು ವೃತ್ತ, ಚೌಕ ಎರಡನ್ನೂ ಒಂದೇ ಲಿಸ್ಟಿಗೆ ಹಾಕುವಾಗ. ಒಂದಕ್ಕೆ ‘ತ್ರಿಜ್ಯ’ ಇದೆ, ಇನ್ನೊಂದಕ್ಕೆ ‘ಬಾಹು’. ಲಿಸ್ಟಿನ ಟೈಪ್ ಮಾತ್ರ ಒಂದೇ ಇರಬೇಕು. ಆಗ ‘ವಿಸ್ತೀರ್ಣ’ ಮಾತ್ರವಿರುವ ಟೈಪನ್ನು ‘ಆಕೃತಿ’ ಎಂದು ಕರೆದು (ವೃತ್ತ :> ಆಕೃತಿ) ಎಂದು ಬರೆಯುತ್ತೇವೆ. ಪ್ರೋಗ್ರಾಂ ಓಡುವಾಗ ಇದರಿಂದ ಏನೂ ಬದಲಾಗದು, ಹೊಸ ಆಬ್ಜೆಕ್ಟ್ ಹುಟ್ಟದು. ‘ತ್ರಿಜ್ಯ’ ಟೈಪಿನಿಂದ ಮರೆಯಾಗುತ್ತದೆ, ಅಷ್ಟೆ. ಮರೆಯಾದದ್ದನ್ನು ಹಿಂದಕ್ಕೆ ಪಡೆಯುವ ದಾರಿಯೂ ಇಲ್ಲ, ಏಕೆಂದರೆ ಓಡುವ ಹೊತ್ತಿಗೆ ಆಬ್ಜೆಕ್ಟಿನ ಟೈಪ್ ಉಳಿದಿರುವುದಿಲ್ಲ. ಇಷ್ಟು ದೂರಗಾಮಿಯಾದ ತೀರ್ಮಾನ ಬರಹದಲ್ಲಿ ಕಾಣಿಸಲೇಬೇಕು.

ವೃತ್ತಗಳ ಲಿಸ್ಟನ್ನು ಆಕೃತಿಗಳ ಲಿಸ್ಟಾಗಿ ಇಡಿಯಾಗಿ ಪರಿವರ್ತಿಸಬಹುದು. ಏಕೆಂದರೆ ಲಿಸ್ಟ್ ಬದಲಾಗದ ರಚನೆ. ಬದಲಿಸಬಹುದಾದ ರೆಫ್‌ಗೆ ಈ ಅನುಮತಿಯಿಲ್ಲ. ಇದ್ದಿದ್ದರೆ ಆಕೃತಿಯ ನೆಪದಲ್ಲಿ ಅದರೊಳಗೆ ಚೌಕವನ್ನಿಟ್ಟು, ಮೂಲ ಹೆಸರಿನಿಂದ ತೆಗೆದು ತ್ರಿಜ್ಯ ಕೇಳಬಹುದಿತ್ತು. ಜಾವಾದ ಅರೇಗಳು ಇಂಥ ಪರಿವರ್ತನೆಗೆ ಎಡೆ ಕೊಟ್ಟಿವೆ. ತಪ್ಪು ಅಲ್ಲಿ ಹೊರಬೀಳುವುದು ಪ್ರೋಗ್ರಾಂ ಓಡುವಾಗ.

ಇನ್ನೂ ಸೂಕ್ಷ್ಮವಾದದ್ದು ತನ್ನದೇ ಟೈಪಿನ ಮತ್ತೊಂದು ಆಬ್ಜೆಕ್ಟನ್ನು ಪಡೆಯುವ ಮೆಥಡ್. ‘ಬಿಂದು’ ಕ್ಲಾಸಿನಲ್ಲಿ ‘ಸಮ’ ಎಂಬ ಅಂಥ ಮೆಥಡ್ ಇದೆ, ‘ಬಣ್ಣದ ಬಿಂದು’ ಅದನ್ನು ಆನುವಂಶಿಕವಾಗಿ ಪಡೆದು ಬಣ್ಣವನ್ನೂ ಹೋಲಿಸುತ್ತದೆ ಎನ್ನಿ. ಬಣ್ಣದ ಬಿಂದುವನ್ನು ಬಿಂದು ಎಂದು ಒಪ್ಪಿಕೊಂಡರೆ ಅದರ ‘ಸಮ’ಕ್ಕೆ ಬರಿಯ ಬಿಂದುವನ್ನು ಕೊಡಬಹುದು, ಅದರಲ್ಲಿ ಇಲ್ಲದ ಬಣ್ಣವನ್ನು ಮೆಥಡ್ ಕೇಳುತ್ತದೆ. ಆದ್ದರಿಂದ ಓಕ್ಯಾಮಲ್ ಇನ್‌ಹೆರಿಟೆನ್ಸನ್ನು ಒಪ್ಪಿ, ಕೋಅರ್ಷನ್ನನ್ನು ನಿರಾಕರಿಸುತ್ತದೆ. ಇನ್‌ಹೆರಿಟೆನ್ಸ್, ಸಬ್‌ಟೈಪಿಂಗ್ ಎರಡೂ ಒಂದಲ್ಲವೆಂದು ಸಂಶೋಧಕರಾದ ಕುಕ್, ಹಿಲ್, ಕ್ಯಾನಿಂಗ್ 1990ರಲ್ಲೇ ವಾದಿಸಿದ್ದರು.

ಕಲಿಯುವವರಿಗೆ ನಿಜವಾಗಿ ಕಷ್ಟ ಕೊಡುವುದು (ಅ :> ಟ) ಎಂಬ ಕಿರುರೂಪ. ಇದರಲ್ಲಿ ಮೂಲ ಟೈಪ್ ಪೂರ್ತಿ ತಿಳಿಯದಿದ್ದರೆ ಕಂಪೈಲರ್ ಅದನ್ನು ಗುರಿ ಟೈಪಾದ ‘ಟ’ದಿಂದ ಅಂದಾಜು ಮಾಡುತ್ತದೆ. ತನ್ನನ್ನೇ ಉಲ್ಲೇಖಿಸುವ ಟೈಪ್‌ಗಳಲ್ಲಿ ಆ ಅಂದಾಜು ಕೆಲವೊಮ್ಮೆ ಸೋಲುತ್ತದೆ. ಎರಡು ಟೈಪ್‌ಗಳನ್ನೂ ಹೇಳುವ (ಅ : ಸ :> ಟ) ರೂಪಕ್ಕೆ ಈ ತೊಂದರೆಯಿಲ್ಲ. ಓಕ್ಯಾಮಲ್ ಕಲಿಸುವವರು ಈ ಪೂರ್ಣ ರೂಪವನ್ನು ಮೊದಲ ಪಾಠದಲ್ಲೇ ತೋರಿಸಲಿ, ಕಿರುರೂಪ ಆಮೇಲೆ ಬರಲಿ.