ಓಕ್ ಪಾರ್ಕ್: ಒಂದು ಊರಿನ ಜನಾಂಗೀಯ ಸಹಬಾಳ್ವೆಯ ಇತಿಹಾಸ

ಓಕ್ ಪಾರ್ಕ್ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೋ ನಗರದ ಪಶ್ಚಿಮ ಗಡಿಗೆ ಅಂಟಿಕೊಂಡಿರುವ ಪಟ್ಟಣ. ವಿಸ್ತೀರ್ಣ ಸುಮಾರು 12 ಚದರ ಕಿಲೋಮೀಟರ್. 2020ರ ಗಣತಿಯಂತೆ ಜನಸಂಖ್ಯೆ 54 ಸಾವಿರಕ್ಕೂ ಹೆಚ್ಚು. ಆಡಳಿತದ ಲೆಕ್ಕದಲ್ಲಿ ಇದು ಇಂದಿಗೂ ‘ವಿಲೇಜ್’. ಲೇಖಕ ಅರ್ನೆಸ್ಟ್ ಹೆಮಿಂಗ್ವೇ ಹುಟ್ಟಿದ್ದು ಇಲ್ಲಿ. ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ತನ್ನ ಮೊದಮೊದಲ ಮನೆಗಳನ್ನು ಕಟ್ಟಿದ್ದೂ ಇಲ್ಲೇ. ಆದರೆ ಅಮೆರಿಕದ ಸಮಾಜಶಾಸ್ತ್ರಜ್ಞರು ಈ ಊರನ್ನು ಮತ್ತೆ ಮತ್ತೆ ನೆನೆಯುವುದಕ್ಕೆ ಕಾರಣ ಬೇರೆ. ಕಪ್ಪು ಕುಟುಂಬವೊಂದು ಬೀದಿಗೆ ಬಂದೊಡನೆ ಬಿಳಿಯರು ಗಂಟುಮೂಟೆ ಕಟ್ಟುತ್ತಿದ್ದ ಕಾಲದಲ್ಲಿ, ಇಬ್ಬರೂ ಒಂದೇ ಊರಿನಲ್ಲಿ ಉಳಿಯುವಂತೆ ಇಲ್ಲಿನ ಆಡಳಿತ ಲೆಕ್ಕ ಹಾಕಿ ಕೆಲಸ ಮಾಡಿತು.

ಆ ಕಾಲದ ವಿಂಗಡಣೆ ತಾನಾಗಿ ಆದದ್ದಲ್ಲ. 1930ರ ದಶಕದಲ್ಲಿ ಸರ್ಕಾರಿ ಗೃಹಸಾಲ ಸಂಸ್ಥೆಯೊಂದು ನಗರಗಳ ನಕ್ಷೆಗಳಲ್ಲಿ ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಅಂಥ ಕಡೆ ಸಾಲ ಹುಟ್ಟುವುದು ದುಸ್ತರವಾಯಿತು. 1934ರಲ್ಲಿ ಸ್ಥಾಪನೆಯಾದ ಫೆಡರಲ್ ಗೃಹನಿರ್ಮಾಣ ಆಡಳಿತವು ಜನಾಂಗ ಬೆರೆತ ಬಡಾವಣೆಗಳ ಸಾಲಕ್ಕೆ ಖಾತರಿ ಕೊಡಲು ಹಿಂದೆಗೆಯುತ್ತಿತ್ತು. ಬಿಳಿಯರಲ್ಲದವರಿಗೆ ಮಾರಬಾರದೆಂಬ ಷರತ್ತು ಎಷ್ಟೋ ಮನೆಗಳ ಕ್ರಯಪತ್ರದಲ್ಲೇ ಇರುತ್ತಿತ್ತು. ಈ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ತೀರ್ಪು ಬಂತು, ಬೀದಿ ಬದಲಾಗಲಿಲ್ಲ.

ಎರಡು ವರ್ಷದ ನಂತರ ಅದಕ್ಕೆ ಓಕ್ ಪಾರ್ಕೇ ಸಾಕ್ಷಿ ಒದಗಿಸಿತು. ರಸಾಯನಶಾಸ್ತ್ರಜ್ಞ ಪರ್ಸಿ ಜೂಲಿಯನ್ 1899ರಲ್ಲಿ ದಕ್ಷಿಣದ ಅಲಬಾಮಾದಲ್ಲಿ ಹುಟ್ಟಿ, ಗುಲಾಮಗಿರಿ ಕಂಡ ಹಿರಿಯರ ಮನೆತನದಿಂದ ಬಂದು, 1931ರಲ್ಲಿ ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆದವನು. ಕಣ್ಣಿನ ಗ್ಲಾಕೋಮಾ ರೋಗಕ್ಕೆ ಬಳಸುತ್ತಿದ್ದ ಫೈಸೊಸ್ಟಿಗ್ಮಿನ್ ಎಂಬ ಔಷಧವನ್ನು 1935ರಲ್ಲಿ ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದವನು. ಸೋಯಾ ಅವರೆಯಿಂದ ಹಾರ್ಮೋನು ತೆಗೆಯುವ ವಿಧಾನವನ್ನು ಕಾರ್ಖಾನೆಯ ಮಟ್ಟಕ್ಕೆ ತಂದವನು. 1950ರಲ್ಲಿ ಷಿಕಾಗೋದ ಪತ್ರಿಕೆಯೊಂದು ಅವನನ್ನು ವರ್ಷದ ನಾಗರಿಕನೆಂದು ಆರಿಸಿತು. ಅದೇ ವರ್ಷ ಅವನು ಓಕ್ ಪಾರ್ಕಿನಲ್ಲಿ ಮನೆ ಕೊಂಡ. ಸಂಸಾರ ಅಲ್ಲಿಗೆ ಬರುವ ಮೊದಲೇ, ನವೆಂಬರಿನಲ್ಲಿ, ಯಾರೋ ಮನೆಯೊಳಗೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಲು ನೋಡಿದರು. 1951ರ ಜೂನ್‌ನಲ್ಲಿ ಮಕ್ಕಳು ಮನೆಯಲ್ಲಿದ್ದಾಗಲೇ ಅಂಗಳದಲ್ಲಿ ಡೈನಮೈಟ್ ಸಿಡಿಯಿತು. ಯಾರಿಗೂ ಗಾಯವಾಗಲಿಲ್ಲ. ರಾತ್ರಿ ಹೊತ್ತು ಅಪ್ಪನ ಜೊತೆ ಬಂದೂಕು ಹಿಡಿದು ಮನೆ ಕಾದದ್ದನ್ನು ಮಗ ಮುಂದೆ ನೆನೆದಿದ್ದಾನೆ. ಅವನು ಬೆಳೆದು ನಾಗರಿಕ ಹಕ್ಕುಗಳ ವಕೀಲನಾದ. ಇದೇ ಊರಿನ ನೂರಾರು ಬಿಳಿಯರು ಜೂಲಿಯನ್ ಪರವಾಗಿ ನಿಂತರೆಂಬುದನ್ನೂ ಹೇಳಬೇಕು. ಜೂಲಿಯನ್ ಊರು ಬಿಡಲಿಲ್ಲ.

ಊರಿನ ಒಳಗಿನ ಕದನ 1963ರಲ್ಲಿ ಅನಿರೀಕ್ಷಿತ ಜಾಗದಲ್ಲಿ ಹೊತ್ತಿಕೊಂಡಿತು. ಕಪ್ಪು ಯುವತಿಯೊಬ್ಬಳು ಸ್ಥಳೀಯ ಸಿಂಫನಿ ವಾದ್ಯವೃಂದದಲ್ಲಿ ಪಿಟೀಲು ನುಡಿಸಲು ವೃಂದದ ಆಡಳಿತದವರು ಒಪ್ಪಲಿಲ್ಲ. ನಿರ್ದೇಶಕ ಮಿಲ್ಟನ್ ಪ್ರೀವ್ಸ್ ರಾಜೀನಾಮೆ ಕೊಟ್ಟ. ಸುದ್ದಿ ದೇಶವ್ಯಾಪಿಯಾಗಿ ಊರಿಗೆ ಮುಜುಗರವಾಯಿತು. ಆ ವರ್ಷವೇ ಸಮುದಾಯ ಸಂಬಂಧಗಳ ಆಯೋಗವೊಂದು ಹುಟ್ಟಿತು. ಮರುವರ್ಷ, ಯಾರು ಎಲ್ಲಿ ಬೇಕಾದರೂ ಮನೆ ಮಾಡಬಹುದೆಂಬ ಘೋಷಣೆಗೆ ಸಹಿ ಹಾಕಿದ ನಿವಾಸಿಗಳ ಹೆಸರುಗಳು ಸ್ಥಳೀಯ ವಾರಪತ್ರಿಕೆಯಲ್ಲಿ ಜಾಹೀರಾತಾಗಿ ಬಂದವು. 1966ರಲ್ಲಿ ನಾಗರಿಕ ಹಕ್ಕುಗಳ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಷಿಕಾಗೋಗೆ ಬಂದು ವಸತಿ ತಾರತಮ್ಯದ ವಿರುದ್ಧ ಚಳವಳಿ ಹೂಡಿದ. 1968ರ ಏಪ್ರಿಲ್ 4ರಂದು ಅವನ ಕೊಲೆಯಾಯಿತು. ಏಪ್ರಿಲ್ 11ರಂದು ರಾಷ್ಟ್ರೀಯ ವಸತಿ ನ್ಯಾಯ ಕಾಯ್ದೆಗೆ ಸಹಿ ಬಿತ್ತು. ಮೇ ತಿಂಗಳಲ್ಲಿ ಓಕ್ ಪಾರ್ಕ್ ತನ್ನದೇ ವಸತಿ ನ್ಯಾಯ ಕಟ್ಟಳೆ ಮಾಡಿಕೊಂಡಿತು. ಅಂದು ಇಲ್ಲಿದ್ದ ಕಪ್ಪು ನಿವಾಸಿಗಳು ನೂರಕ್ಕೆ ಒಬ್ಬರೂ ಅಲ್ಲ.

ಬಾಗಿಲು ತೆರೆದರಷ್ಟೇ ಸಾಲದು ಎಂಬ ಪಾಠವನ್ನು ಕಲಿಸಿದ್ದು ರಸ್ತೆಯಾಚೆಯ ಆಸ್ಟಿನ್. ಅದು ಷಿಕಾಗೋದ ಬಡಾವಣೆ. ನಡುವೆ ಇರುವುದು ಆಸ್ಟಿನ್ ಬುಲೆವಾರ್ಡ್ ಎಂಬ ಒಂದೇ ರಸ್ತೆ. ಅಲ್ಲಿ ಮನೆ ದಲ್ಲಾಳಿಗಳು ಭಯವನ್ನೇ ಬಂಡವಾಳ ಮಾಡಿಕೊಂಡರು. ಬೀದಿಯಲ್ಲಿ ಒಂದು ಮನೆಯನ್ನು ಕಪ್ಪು ಕುಟುಂಬಕ್ಕೆ ಮಾರುವುದು. ಉಳಿದ ಬಿಳಿಯರಿಗೆ ‘ಇನ್ನು ನಿಮ್ಮ ಮನೆಗೆ ಬೆಲೆಯಿಲ್ಲ’ ಎಂದು ಹೆದರಿಸುವುದು. ಅಗ್ಗಕ್ಕೆ ಕೊಂಡದ್ದನ್ನು ಬೇರೆ ಕಡೆ ಮನೆ ಸಿಗದ ಕಪ್ಪು ಜನರಿಗೆ ದುಬಾರಿಗೆ ಮಾರುವುದು. 1960ರಲ್ಲಿ ಬಹುತೇಕ ಬಿಳಿಯರದೇ ಆಗಿದ್ದ ಆಸ್ಟಿನ್‌ನಲ್ಲಿ 1980ರ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಕಪ್ಪು ಜನರಿದ್ದರು. ಬಿಳಿಯರ ಜೊತೆಗೆ ಬ್ಯಾಂಕು, ಅಂಗಡಿ, ಕಾರ್ಖಾನೆಗಳೂ ಹೊರಟುಹೋದವು.

ಮುಂದಿನ ಸರದಿ ತಮ್ಮದೆಂದು ಓಕ್ ಪಾರ್ಕಿನವರಿಗೆ ಖಚಿತವಿತ್ತು. ಅವರು ಮಾಡಿದ ಉಪಾಯಗಳನ್ನು ಈಗ ನೋಡಿದರೆ, ಒಳ್ಳೆಯತನಕ್ಕಿಂತ ವ್ಯವಹಾರಜ್ಞಾನವೇ ಹೆಚ್ಚು ಕಾಣುತ್ತದೆ. ಬಹುಶಃ ಅವು ಉಳಿದದ್ದೂ ಅದರಿಂದಲೇ. ‘ಮಾರಾಟಕ್ಕಿದೆ’ ಫಲಕ ಬೀದಿ ತುಂಬ ಕಂಡರೆ ಜನ ಬೆದರುತ್ತಾರೆಂದು ಫಲಕವನ್ನೇ ನಿಷೇಧಿಸಿದರು. 1977ರಲ್ಲಿ ಬೇರೊಂದು ಊರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇಂಥ ನಿಷೇಧ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದಿತು. ಆದರೂ ಓಕ್ ಪಾರ್ಕಿನ ದಲ್ಲಾಳಿಗಳು ತಾವಾಗಿಯೇ ಫಲಕ ನೆಡದೆ ಉಳಿದರು. 1975ರಲ್ಲಿ ಹೊಸ ಪುರಭವನವನ್ನು, ‘ನಾವು ಓಡಿಹೋಗುವವರಲ್ಲ’ ಎಂದು ತೋರಿಸಲು, ಆಸ್ಟಿನ್ ಕಡೆಗಿರುವ ಪೂರ್ವ ಭಾಗದಲ್ಲೇ ಕಟ್ಟಿದರು. ಅದೇ ದಶಕದ ಕೊನೆಯಲ್ಲಿ ವಿಚಿತ್ರವೆನಿಸುವ ವಿಮೆಯೊಂದು ಬಂತು. ಮನೆ ಮಾಲೀಕ ತನ್ನ ಮನೆಯ ಬೆಲೆ ಕಟ್ಟಿಸಿ ನೋಂದಾಯಿಸಬಹುದಿತ್ತು. ಐದು ವರ್ಷದ ನಂತರ ಅದಕ್ಕಿಂತ ಕಡಿಮೆಗೆ ಮಾರಬೇಕಾಗಿ ಬಂದರೆ ನಷ್ಟದ ಶೇ. 80ನ್ನು ಊರಿನ ಆಡಳಿತ ಭರಿಸಬೇಕಿತ್ತು. ಆ ವಿಮೆಯಡಿ ಒಬ್ಬರಿಗೂ ಪರಿಹಾರ ಕೊಡಬೇಕಾಗಿ ಬರಲಿಲ್ಲ.

ಈ ಎಲ್ಲದರ ಕೇಂದ್ರದಲ್ಲಿದ್ದದ್ದು ರಾಬರ್ಟಾ ರೇಮಂಡ್ 1972ರಲ್ಲಿ ಚರ್ಚೊಂದರಲ್ಲಿ ಆರಂಭಿಸಿದ ವಸತಿ ಕೇಂದ್ರ. ರೇಮಂಡ್ ಇದೇ ಊರಿನಲ್ಲಿ ಬೆಳೆದವಳು. ಬಾಡಿಗೆ ಮನೆ ಹುಡುಕುತ್ತ ಬಂದವರನ್ನು ಕೇಂದ್ರದವರು ಕೂರಿಸಿ ಮಾತನಾಡಿಸುತ್ತಿದ್ದರು. ಬಿಳಿಯ ಬಾಡಿಗೆದಾರನಿಗೆ ಅವನು ಕೇಳದಿದ್ದ ಪೂರ್ವದ ಬೀದಿಗಳನ್ನು ತೋರಿಸುತ್ತಿದ್ದರು, ಕಪ್ಪು ಬಾಡಿಗೆದಾರನಿಗೆ ಆಸ್ಟಿನ್‌ನಿಂದ ದೂರದ ಬೀದಿಗಳನ್ನು. ಒತ್ತಾಯವಿಲ್ಲ, ಸಲಹೆ ಮಾತ್ರ. 1973ರಲ್ಲಿ ಊರಿನ ಆಡಳಿತ ಮಂಡಳಿ ವೈವಿಧ್ಯವನ್ನು ಕಾಪಾಡುವುದೇ ತನ್ನ ನೀತಿಯೆಂದು ಘೋಷಿಸಿತು.

ಟೀಕೆಯೂ ಇಲ್ಲೇ ಹುಟ್ಟಿತು. ಕಪ್ಪು ಜನ ಒಂದೆಡೆ ಸೇರದಂತೆ ‘ಹರಡುವುದು’ ಎಂದರೆ ಏನು? ಬಿಳಿಯರು ಗುಂಪಾಗಿದ್ದರೆ ಅದು ಊರು, ಕಪ್ಪು ಜನ ಗುಂಪಾದರೆ ಅದು ಸಮಸ್ಯೆ ಎಂದಂತಾಗಲಿಲ್ಲವೆ? ಒಂದು ಹಂತದಲ್ಲಿ ಆಗ್ನೇಯ ಭಾಗದಲ್ಲಿ ಕಪ್ಪು ಕುಟುಂಬಗಳ ಪ್ರಮಾಣಕ್ಕೆ ಶೇ. 30ರ ಮಿತಿ ಹಾಕುವ ಪ್ರಸ್ತಾಪವೇ ಬಂದಿತ್ತು. ಅದು ಬಿದ್ದುಹೋಯಿತು. ಸರಿಯಾಗಿಯೇ ಬಿತ್ತು, ಬಿಳಿಯರ ಭಯವನ್ನು ಶಮನ ಮಾಡುವ ಖರ್ಚನ್ನು ಕಪ್ಪು ಜನರ ಆಯ್ಕೆಯಿಂದ ಕಡಿತ ಮಾಡುವ ಹುನ್ನಾರ ಅದರಲ್ಲಿ ಬಯಲಾಗಿತ್ತು. ಇಷ್ಟಾದರೂ ಫಲಿತಾಂಶವನ್ನು ತಳ್ಳಿಹಾಕಲಾಗದು. 2000ದ ಗಣತಿಯಲ್ಲಿ ಓಕ್ ಪಾರ್ಕಿನ ಕಪ್ಪು ನಿವಾಸಿಗಳು ಶೇ. 22ರಷ್ಟಿದ್ದರು, ಊರಿನ ಎಲ್ಲ ಭಾಗಗಳಲ್ಲಿದ್ದರು. ಬಿಳಿಯರೂ ಉಳಿದಿದ್ದರು. ಪರ್ಸಿ ಜೂಲಿಯನ್ ಹೆಸರು ಊರಿನ ಒಂದು ಮಾಧ್ಯಮಿಕ ಶಾಲೆಗೆ ಬಂದಿತ್ತು.

ಒಂದೇ ಬೀದಿಯಲ್ಲಿ ಇರುವುದು ಬೇರೆ, ಸಮಾನ ಪಾಲು ಪಡೆಯುವುದು ಬೇರೆ. ಓಕ್ ಪಾರ್ಕಿನವರೂ ನೆರೆಯ ರಿವರ್ ಫಾರೆಸ್ಟಿನವರೂ ಮಕ್ಕಳನ್ನು ಕಳಿಸುವ ಪ್ರೌಢಶಾಲೆಯಲ್ಲಿ ಕಪ್ಪು ಮತ್ತು ಬಿಳಿಯ ವಿದ್ಯಾರ್ಥಿಗಳು ಒಂದೇ ಗೇಟಿನಿಂದ ಒಳಬಂದು ಬೇರೆ ಬೇರೆ ದರ್ಜೆಯ ತರಗತಿಗಳಿಗೆ ಹೋಗುತ್ತಿದ್ದರು. ಮುಂದುವರಿದ ಪಾಠಗಳಲ್ಲಿ ಬಿಳಿಯ ಮಕ್ಕಳೇ ಹೆಚ್ಚು. ಸ್ಟೀವ್ ಜೇಮ್ಸ್ 2018ರಲ್ಲಿ ತಂದ ‘ಅಮೆರಿಕ ಟು ಮಿ’ ಎಂಬ ಹತ್ತು ಕಂತುಗಳ ಸಾಕ್ಷ್ಯಚಿತ್ರ ಇದನ್ನು ಊರಾಚೆಗೂ ತೋರಿಸಿತು. 2022ರಿಂದ ಶಾಲೆ ಮೊದಲ ವರ್ಷದ ಮಕ್ಕಳಿಗೆ ಹಲವು ವಿಷಯಗಳಲ್ಲಿ ಒಂದೇ ಪಠ್ಯಕ್ರಮ ತಂದಿದೆ. ಪಾಲಕರ ನಡುವೆ ಅದರ ಬಗ್ಗೆ ಜಗಳ ನಡೆದೇ ಇದೆ.

ಹೊಸಬರ ಪ್ರಶ್ನೆ ಇತ್ತೀಚೆಗೆ ಬೇರೆ ದಿಕ್ಕಿನಿಂದ ಬಂತು. 2017ರ ಫೆಬ್ರುವರಿಯಲ್ಲಿ ಊರಿನ ಮಂಡಳಿ, ವಲಸಿಗರ ದಾಖಲೆಪತ್ರ ಕೆದಕುವ ಕೆಲಸಕ್ಕೆ ಸ್ಥಳೀಯ ಪೊಲೀಸರನ್ನು ಬಳಸುವುದಕ್ಕೆ ಕಡಿವಾಣ ಹಾಕುವ ‘ಸ್ವಾಗತಿಸುವ ಗ್ರಾಮ’ ಕಟ್ಟಳೆ ಮಾಡಿತು. ಕಾಗದದ ಮೇಲಿದ್ದ ಆ ಸ್ವಾಗತಕ್ಕೆ 2023ರಲ್ಲಿ ಪರೀಕ್ಷೆ ಎದುರಾಯಿತು. ಟೆಕ್ಸಸ್‌ನಿಂದ ಬಸ್ಸುಗಳಲ್ಲಿ ಬಂದ, ಬಹುಪಾಲು ವೆನೆಜುವೆಲಾದ ಆಶ್ರಯಾರ್ಥಿಗಳಿಗೆ ಷಿಕಾಗೋದಲ್ಲಿ ಜಾಗ ಸಾಲದೆ, ಅವರು ಪೊಲೀಸ್ ಠಾಣೆಗಳ ನೆಲದ ಮೇಲೂ ಹೊರಗಿನ ಡೇರೆಗಳಲ್ಲೂ ಮಲಗುತ್ತಿದ್ದರು. ಅಂಥ ಠಾಣೆಗಳಲ್ಲೊಂದು ಆಸ್ಟಿನ್‌ನಲ್ಲಿತ್ತು. ಅಕ್ಟೋಬರ್ ಕೊನೆಗೆ ಹಿಮ ಬಿದ್ದಾಗ ಓಕ್ ಪಾರ್ಕಿನ ಸ್ವಯಂಸೇವಕರು ಅವರನ್ನು ರಸ್ತೆ ದಾಟಿಸಿ ಚರ್ಚುಗಳಿಗೆ ಕರೆತಂದರು. ಊರಿನ ಆಡಳಿತ ತುರ್ತುಸ್ಥಿತಿ ಘೋಷಿಸಿ, ಒಂದು ಹೋಟೆಲು ಮತ್ತು ವೈಎಂಸಿಎ ಕಟ್ಟಡದಲ್ಲಿ ನೂರಕ್ಕೂ ಹೆಚ್ಚು ಮಂದಿಗೆ ಚಳಿಗಾಲದ ಆಸರೆ ಕೊಟ್ಟಿತು. ಮಕ್ಕಳು ಶಾಲೆಗೆ ಸೇರಿದರು. ಮಂಡಳಿಯ ಸಭೆಗಳಲ್ಲಿ ಖರ್ಚಿನ ಮಾತು ಬಿಸಿಯೇರಿತು. ರಸ್ತೆಯಾಚೆ ತಲೆಮಾರುಗಳಿಂದ ಕಷ್ಟದಲ್ಲಿರುವ ಕಪ್ಪು ಕುಟುಂಬಗಳಿಗೆ ಇಷ್ಟು ಬೇಗ ಯಾರೂ ಹಣ ಹೊಂದಿಸಿರಲಿಲ್ಲವಲ್ಲ ಎಂಬ ಮಾತು ಆ ದಿನಗಳಲ್ಲಿ ಷಿಕಾಗೋದ ಪಶ್ಚಿಮ ಭಾಗದಲ್ಲೆಲ್ಲ ಕೇಳಿಬರುತ್ತಿತ್ತು. 2024ರಲ್ಲಿ ತಾತ್ಕಾಲಿಕ ವಸತಿಯನ್ನು ಮುಚ್ಚಲಾಯಿತು, ಕುಟುಂಬಗಳು ಬಾಡಿಗೆ ಮನೆ ಹುಡುಕಿಕೊಂಡು ಹೊರಟವು.