ಕೊಲೆಗಡುಕರಿಗೊಬ್ಬ ಪಾದ್ರಿ

ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪ ಒಂದು ಮಿಷನ್ ಆಸ್ಪತ್ರೆಯಲ್ಲಿ ಮಲಗಿದ್ದರು. ದಿನಾ ಸಂಜೆ ಒಬ್ಬ ಪಾದ್ರಿ ಬಂದು ಮಂಚದ ಪಕ್ಕ ಕೂರುತ್ತಿದ್ದರು. ಧರ್ಮದ ಮಾತಿಲ್ಲ, ಉಪದೇಶವಿಲ್ಲ. "ರಾತ್ರಿ ನಿದ್ದೆ ಬಂತಾ? ಮಗ ಊರಿಂದ ಬಂದನಾ?" ಇಷ್ಟೇ. ದೊಡ್ಡಪ್ಪ ಮೂರು ಹೊತ್ತು ಸಂಧ್ಯಾವಂದನೆ ಮಾಡಿದ ಮನುಷ್ಯ. ಆದರೂ ಐದು ಗಂಟೆಯಾದರೆ ಸಾಕು, ಬಾಗಿಲ ಕಡೆ ನೋಡಲು ಶುರು ಮಾಡುತ್ತಿದ್ದರು. ಅವರು ಚರ್ಚಿನ ಪಾದ್ರಿ ಅಲ್ಲ, ಆಸ್ಪತ್ರೆಯ 'ಚಾಪ್ಲೇನ್' ಅಂತ ನರ್ಸ್ ಹೇಳಿದಳು. ಎರಡಕ್ಕೂ ಏನು ವ್ಯತ್ಯಾಸ ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು.

ಮೊದಲು ಪದದ ಕಥೆ. ನಾಲ್ಕನೇ ಶತಮಾನದಲ್ಲಿ ಮಾರ್ಟಿನ್ ಎಂಬ ರೋಮನ್ ಸೈನಿಕನಿದ್ದ. ಈಗಿನ ಫ್ರಾನ್ಸಿನ ಆಮಿಯೆನ್ಸ್ ಊರಿನ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು, ತನ್ನ ಮೇಲುಹೊದಿಕೆಯನ್ನು ಕತ್ತಿಯಿಂದ ಎರಡು ಭಾಗ ಮಾಡಿ ಅರ್ಧ ಕೊಟ್ಟನಂತೆ. ಮುಂದೆ ಅವನೇ ಟೂರ್ಸ್ ಪಟ್ಟಣದ ಬಿಷಪ್ ಆದ, ಸಂತನಾದ. ಆ ಹೊದಿಕೆಯನ್ನು ಫ್ರಾಂಕ್ ದೊರೆಗಳು ಪವಿತ್ರ ವಸ್ತುವಾಗಿ ಕಾಪಾಡಿದರು, ಯುದ್ಧಕ್ಕೂ ಹೊತ್ತೊಯ್ದರು. ಲ್ಯಾಟಿನ್‌ನಲ್ಲಿ ಹೊದಿಕೆಗೆ 'ಕಪ್ಪಾ'. ಅದನ್ನಿಟ್ಟ ಜಾಗ 'ಕಪೆಲ್ಲಾ', ಅಂದರೆ ಚಾಪೆಲ್. ಕಾಯುವ ಪಾದ್ರಿ 'ಕಪೆಲ್ಲಾನುಸ್', ಅಂದರೆ ಚಾಪ್ಲೇನ್. ಅರ್ಧ ಕಂಬಳಿಯಿಂದ ಹುಟ್ಟಿದ ಹುದ್ದೆ ನೋಡಿ!

ಚರ್ಚಿನ ಪಾದ್ರಿಯ ಹತ್ತಿರ ಜನ ಬರುತ್ತಾರೆ. ಚಾಪ್ಲೇನ್ ಆದವನು ಜನ ಇರುವಲ್ಲಿಗೇ ಹೋಗಬೇಕು. ಅದೂ ಎಂಥಾ ಜಾಗ? ಸೈನ್ಯದ ಪಾಳೆಯ, ಹಡಗು, ಆಸ್ಪತ್ರೆ, ಜೈಲು. ತನ್ನಿಷ್ಟದಿಂದ ಎದ್ದು ಚರ್ಚಿಗೆ ಹೋಗಲಾರದವರು ಇರುವ ಜಾಗಗಳು. ಬೆಂಗಳೂರಿನ ದಂಡು ಪ್ರದೇಶಕ್ಕೂ ಹಾಗೆಯೇ ಕಂಪನಿ ಸೈನ್ಯದ ಚಾಪ್ಲೇನ್‌ಗಳು ಬಂದಿದ್ದು. ಎಂ.ಜಿ. ರಸ್ತೆಯ ತುದಿಯ ಸೇಂಟ್ ಮಾರ್ಕ್ಸ್ ಚರ್ಚು 1808ರಲ್ಲಿ ಶುರುವಾಗಿದ್ದು ಆ ಸೈನಿಕರಿಗಾಗಿಯೇ. ನಮ್ಮ ಈಗಿನ ಭಾರತೀಯ ಸೇನೆಯಲ್ಲೂ ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ ಇದ್ದಾರೆ, 'ಧರ್ಮಗುರು' ಎಂಬ ಹೆಸರಿನಲ್ಲಿ.

1864ರ ಮೊದಲ ಜಿನೀವಾ ಒಪ್ಪಂದವೇ ವೈದ್ಯರ ಜೊತೆ ಚಾಪ್ಲೇನ್‌ಗಳನ್ನೂ ತಟಸ್ಥರು ಎಂದು ಒಪ್ಪಿತು. ಸಮವಸ್ತ್ರ ಉಂಟು, ಯುದ್ಧ ಮಾಡುವವನಲ್ಲ. ಒಂದು ಸೈನ್ಯದ ಸಂಬಳ ತಿನ್ನುತ್ತಾ ಇನ್ನೊಬ್ಬ ಯಜಮಾನನ ಚಾಕರಿ ಮಾಡುವ ವಿಚಿತ್ರ ಸ್ಥಿತಿ. ಈ ಸ್ಥಿತಿ ಎಷ್ಟು ಕಷ್ಟದ್ದು ಎಂದು ತಿಳಿಯಬೇಕಾದರೆ ಹೆನ್ರಿ ಗೆರಿಕಿ ಅವರ ಕಥೆ ಓದಬೇಕು.

ಗೆರಿಕಿ 1893ರಲ್ಲಿ ಅಮೆರಿಕದ ಮಿಸ್ಸೋರಿ ರಾಜ್ಯದಲ್ಲಿ ಹುಟ್ಟಿದವರು. ಜರ್ಮನ್ ಮೂಲದ ರೈತ ಕುಟುಂಬ. ಲೂಥರನ್ ಪಾದ್ರಿಯಾಗಿ ಸೇಂಟ್ ಲೂಯಿಸ್ ನಗರದ ಜೈಲು, ಆಸ್ಪತ್ರೆಗಳಲ್ಲಿ ಬಡವರ ನಡುವೆ ಕೆಲಸ ಮಾಡುತ್ತಿದ್ದರು. 1943ರಲ್ಲಿ, ಐವತ್ತರ ಹತ್ತಿರದ ವಯಸ್ಸಿನಲ್ಲಿ, ಸೈನ್ಯಕ್ಕೆ ಸೇರಿದರು. ಇಂಗ್ಲೆಂಡಿನ ಮಿಲಿಟರಿ ಆಸ್ಪತ್ರೆಯಲ್ಲಿ ಗಾಯಾಳುಗಳ ಪಕ್ಕ ಕೂತರು. ಅವರ ಇಬ್ಬರು ಹಿರಿಯ ಮಕ್ಕಳೂ ಅದೇ ಯುದ್ಧದಲ್ಲಿ ಗಾಯಗೊಂಡರು. ಯುದ್ಧ ಮುಗಿದ ಮೇಲೆ ಡಾಖಾವ್ ಯಾತನಾ ಶಿಬಿರಕ್ಕೂ ಹೋಗಿ ಕಣ್ಣಾರೆ ನೋಡಿ ಬಂದರು.

ಇಂಥವರಿಗೆ 1945ರ ನವೆಂಬರ್‌ನಲ್ಲಿ ಕರೆ ಬಂತು. ನ್ಯೂರೆಂಬರ್ಗ್‌ಗೆ ಹೋಗಬೇಕು, ಹಿಟ್ಲರನ ಬಲಗೈ ಎಡಗೈಗಳಾಗಿದ್ದವರಿಗೆ ಪಾದ್ರಿಯಾಗಬೇಕು. ಅವರಿಗೆ ಜರ್ಮನ್ ಬರುತ್ತಿತ್ತು, ಜೈಲಿನ ಅನುಭವವಿತ್ತು. ಒತ್ತಾಯವೇನಿರಲಿಲ್ಲ. ವಯಸ್ಸಾಗಿದೆ ಎಂದು ಮನೆಗೆ ಹೋಗಬಹುದಿತ್ತು. ತನ್ನ ಮಕ್ಕಳ ಮೈ ಸೀಳಿದ ಯುದ್ಧ ಹಚ್ಚಿದವರು, ಲಕ್ಷ ಲಕ್ಷ ಯಹೂದಿಗಳನ್ನು ಕೊಂದ ಆಡಳಿತ ನಡೆಸಿದವರು. ಅವರ ಮುಂದೆ ಕೂತು ದೇವರ ಮಾತು ಆಡುವುದೆ? ಬಹಳ ಯೋಚಿಸಿ, ಪ್ರಾರ್ಥಿಸಿ ಹೊರಟರು.

ವಿಚಾರಣೆ ಎದುರಿಸಿದ್ದು 21 ಜನ. ಪ್ರೊಟೆಸ್ಟಂಟ್ ಹಿನ್ನೆಲೆಯ 15 ಮಂದಿ ಗೆರಿಕಿ ಪಾಲಿಗೆ, ಕ್ಯಾಥೊಲಿಕ್ ಹಿನ್ನೆಲೆಯ 6 ಮಂದಿ ಫ್ರಾನ್ಸಿಸ್ಕನ್ ಪಾದ್ರಿ ಸಿಕ್ಸ್ಟಸ್ ಓಕಾನರ್ ಪಾಲಿಗೆ. ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಪುಟ್ಟ ಚಾಪೆಲ್ ಮಾಡಿದರು. ಗೆರಿಕಿ ಒಂದೊಂದೇ ಕೋಣೆಗೆ ಹೋಗಿ ಪರಿಚಯ ಹೇಳಿಕೊಂಡು ಕೈ ಕುಲುಕಿದರು. ಈ ಕೈ ಕುಲುಕಿದ್ದಕ್ಕೇ ಅವರು ಮುಂದೆ ಟೀಕೆ ಕೇಳಬೇಕಾಯಿತು! ಹೆಸ್, ರೋಸೆನ್‌ಬರ್ಗ್, ಸ್ಟ್ರೈಷರ್ ಮುಂತಾದವರು ಪ್ರಾರ್ಥನೆಗೆ ಬರಲೊಪ್ಪಲಿಲ್ಲ. ಗೋರಿಂಗ್ ಮಾತ್ರ ತಪ್ಪದೆ ಬಂದು ಜೋರಾಗಿ ಹಾಡುತ್ತಿದ್ದ. ಅರ್ಧ ಗಂಟೆ ಕೋಣೆಯಿಂದ ಹೊರಗಿರಬಹುದಲ್ಲ ಎಂದು ಜೈಲಿನ ಮನಶ್ಶಾಸ್ತ್ರಜ್ಞನ ಹತ್ತಿರ ಹೇಳಿಕೊಂಡಿದ್ದನಂತೆ.

1946ರ ಜೂನ್ ಹೊತ್ತಿಗೆ ಗೆರಿಕಿ ಊರಿಗೆ ಹೊರಡುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಆಗ ನಡೆದದ್ದು ವಿಚಿತ್ರ. 21 ಜನರೂ ಸಹಿ ಹಾಕಿ ಅವರ ಹೆಂಡತಿ ಆಲ್ಮಾಗೆ ಪತ್ರ ಬರೆದರು, ನಿಮ್ಮ ಗಂಡನನ್ನು ಇನ್ನಷ್ಟು ದಿನ ನಮ್ಮ ಜೊತೆ ಇರಲು ಬಿಡಿ ಎಂದು. ಪ್ರಾರ್ಥನೆಗೆ ಕಾಲಿಡದವರದೂ ಸಹಿ ಇತ್ತು. ಆ ತಾಯಿ ಗಂಡನ ಮುಖ ನೋಡಿ ಎರಡು ವರ್ಷದ ಮೇಲಾಗಿತ್ತು. ಅವರೂ ಇರಿ ಎಂದೇ ಹೇಳಿದರು.

ಹಾಗಂತ ಗೆರಿಕಿ ಎಲ್ಲರ ಬೆನ್ನು ತಟ್ಟಿ 'ಕ್ಷಮಿಸಿದೆ' ಎಂದು ಹೇಳಿಕೊಂಡು ಓಡಾಡಿದವರಲ್ಲ. ಅವರ ಪ್ರಕಾರ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಸಿಗುವುದು ಪಶ್ಚಾತ್ತಾಪಪಟ್ಟು ನಂಬಿದವನಿಗೆ. ಕೈಟೆಲ್, ರಿಬೆನ್‌ಟ್ರಾಪ್, ಸೌಕೆಲ್ ಅವರಲ್ಲಿ ಅದು ಕಂಡಿತೆಂದು ಕೊಟ್ಟರು. ಗಲ್ಲಿನ ಹಿಂದಿನ ಸಂಜೆ ಗೋರಿಂಗ್ ಕೂಡ ಕೇಳಿದ. ಯೇಸುವನ್ನು ನಂಬುತ್ತೀಯಾ ಎಂದರೆ ಇಲ್ಲ ಎಂದ. ನಿನ್ನ ಪುಟ್ಟ ಮಗಳು ಪರಲೋಕದಲ್ಲಿ ನಿನ್ನನ್ನು ಕಾಣಬೇಕೆಂದಿದ್ದಾಳಲ್ಲ ಎಂದರೂ ಕರಗಲಿಲ್ಲ. ಗೆರಿಕಿ ಕೊಡಲಿಲ್ಲ. ಅದೇ ರಾತ್ರಿ ಗೋರಿಂಗ್ ಸಯನೈಡ್ ನುಂಗಿ ಸತ್ತ. ಕೊಡಬೇಕಿತ್ತು ಎಂದು ಕೆಲವು ಪಾದ್ರಿಗಳೇ ಆಮೇಲೆ ಟೀಕಿಸಿದರು. ಆ ಪ್ರಶ್ನೆ ಗೆರಿಕಿಯನ್ನು ಕೊನೆಯವರೆಗೂ ಬಿಡಲಿಲ್ಲ.

1946ರ ಅಕ್ಟೋಬರ್ 16ರ ನಡುರಾತ್ರಿ ಕಳೆದ ಮೇಲೆ ಜೈಲಿನ ವ್ಯಾಯಾಮಶಾಲೆಯಲ್ಲಿ ಹತ್ತು ಜನರನ್ನು ಒಬ್ಬೊಬ್ಬರಾಗಿ ಗಲ್ಲಿಗೇರಿಸಿದರು. ಇಬ್ಬರು ಪಾದ್ರಿಗಳು ತಮ್ಮ ತಮ್ಮವರ ಜೊತೆ ಮೆಟ್ಟಿಲು ಹತ್ತಿ, ಪ್ರಾರ್ಥನೆ ಹೇಳಿ, ಕೆಳಗಿಳಿದು, ಇನ್ನೊಬ್ಬನಿಗಾಗಿ ಮತ್ತೆ ಹತ್ತಿದರು. ರೋಸೆನ್‌ಬರ್ಗ್ ಪ್ರಾರ್ಥನೆ ಬೇಡ ಎಂದ. ಆದರೂ ಗೆರಿಕಿ ಅವನ ಪಕ್ಕ ನಿಂತರು.

ನನ್ನನ್ನು ಹಿಡಿದಿರುವುದು ಆ ನಿಲ್ಲುವಿಕೆ. ಅನ್ಯಾಯ ಆದದ್ದು ಸತ್ತ ಲಕ್ಷಾಂತರ ಜನರಿಗೆ. ಅವರ ಪರವಾಗಿ ಕ್ಷಮಿಸಲು ಯಾವ ಪಾದ್ರಿಗೂ ಅಧಿಕಾರವಿಲ್ಲ ಎನ್ನುವವರ ಮಾತು ನನಗೂ ಸರಿಯೆನಿಸುತ್ತದೆ. ಡಾಖಾವ್ ಬೂದಿಯ ಮುಂದೆ ಕೈಟೆಲ್‌ನ ಕಣ್ಣೀರಿಗೆ ಬೆಲೆ ಎಷ್ಟು? ಆದರೆ ಗೆರಿಕಿ ಶಿಕ್ಷೆ ಕಡಿಮೆ ಮಾಡಿ ಎಂದು ಯಾರನ್ನೂ ಬೇಡಲಿಲ್ಲ. ತೀರ್ಪು ಕೋರ್ಟಿನ ಕೆಲಸ, ಹಗ್ಗ ಸರ್ಕಾರದ ಕೆಲಸ. ಆ ಹದಿಮೂರು ಮೆಟ್ಟಿಲನ್ನು ಯಾರೂ ಒಂಟಿಯಾಗಿ ಹತ್ತದಂತೆ ನೋಡಿಕೊಳ್ಳುವುದಷ್ಟೇ ತನ್ನ ಕೆಲಸ ಎಂದುಕೊಂಡರು. ಮಾರ್ಟಿನ್ ಭಿಕ್ಷುಕನ ಚರಿತ್ರೆ ಕೇಳಿ ಹೊದಿಕೆ ಕತ್ತರಿಸಲಿಲ್ಲವಲ್ಲ!

ಗೆರಿಕಿ ಊರಿಗೆ ಮರಳಿದ ಮೇಲೂ ದೊಡ್ಡ ಚರ್ಚು ಹುಡುಕಲಿಲ್ಲ. ಇಲಿನಾಯ್ಸ್ ರಾಜ್ಯದ ಚೆಸ್ಟರ್ ಊರಿನ ಜೈಲಿನಲ್ಲಿ ಚಾಪ್ಲೇನ್ ಆದರು. 1961ರಲ್ಲಿ ತೀರಿಕೊಂಡರು.

ನಮ್ಮ ದೊಡ್ಡಪ್ಪ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಕೊನೆಯ ದಿನ ನಾವು ಮಂತ್ರ ಹೇಳುತ್ತಿದ್ದಾಗ ಆ ಪಾದ್ರಿ ಬಾಗಿಲಲ್ಲೇ ತಲೆಬಾಗಿ ನಿಂತಿದ್ದರು. ಒಳಗೆ ಬನ್ನಿ ಎಂದು ಕರೆಯಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಈಗ ಹೊಳೆಯುತ್ತಿದೆ.