ಕುದುರೆಯ ಹಟ್ಟಿ, ಯೆಜಮಾಂತಿಯ ಉಗ್ರಾಣ

ದನ ಸಾಂಕುದು ನವಗೆಲ್ಲ ಗೊಂತಿದ್ದು. ಕುದುರೆ ಸಾಂಕಿದ ಮನೆ ನಮ್ಮ ಸುತ್ತುಮುತ್ತ ಎನ್ನ ನೆಂಪಿಲಿ ಒಂದೂ ಇಲ್ಲೆ. ಆದರೆ ಸುಮಾರು 2,400 ವರ್ಷ ಹಿಂದೆ ಅಥೆನ್ಸಿನ ಜೆನೊಫನ್ ಹೇಳ್ತವ° ಕುದುರೆಯ ಬಗ್ಗೆ ಬರದ ಪುಸ್ತಕ ಓದುವಗ, ಇದು ನಮ್ಮ ಹಟ್ಟಿಯ ಶುದ್ದಿಯೇ ಅಲ್ಲದೋ ಹೇಳಿ ಕಂಡತ್ತು, ಅಕ್ಕಂದಿರೇ.

ಗ್ರೀಸಿಲಿ ಮಳೆ ಬಪ್ಪದು ಚಳಿಗಾಲಲ್ಲಿ, ನಮ್ಮದರ ಉಲ್ಟಾ. ಆಟಿ ತಿಂಗಳಿಲಿ ನಮ್ಮ ಜಾಲಿಲಿ ಹಾವಸೆ ಹಿಡಿವಗ ಅಲ್ಲಿ ಗುಡ್ಡೆಯ ಹುಲ್ಲು ಒಣಗಿ ಹೋವುತ್ತು. ಕುದುರಗೆ ಬೇಕಾದ್ದು ಬಯಲು, ಹುಲ್ಲು, ನೀರು. ಹೋಮರನ ಒಡಿಸ್ಸಿಲಿ ಮೆನೆಲಾಸ್ ರಾಜ° ಕುದುರೆಗಳ ಉಡುಗೊರೆ ಕೊಡ್ತೆ ಹೇಳಿಯಪ್ಪಗ ಟೆಲೆಮಾಕಸ್ ಮಾಣಿ ಬೇಡ ಹೇಳಿದ್ದು ಅದಕ್ಕೇ: ಅವನ ಇಥಾಕಾ ದ್ವೀಪ ಆಡು ಮೇವ ಜಾಗೆ, ಹುಲ್ಲುಗಾವಲಿಲ್ಲೆ. ಬುದ್ಧಿ ಇಪ್ಪ ಮಾಣಿ.

ಅಥೆನ್ಸಿಲಿ ಎಲ್ಲೋರಿಂಗೂ ಆ ಬುದ್ಧಿ ಇತ್ತಿಲ್ಲೆ. ಕ್ರಿ.ಪೂ. 423ರಲ್ಲಿ ಆಡಿದ ಅರಿಸ್ಟೊಫನೀಸನ ‘ಮೋಡಂಗೊ’ ನಾಟಕಲ್ಲಿ, ಮಗನ ಕುದುರೆ ಮರುಳಿಂದಾಗಿ ಅಪ್ಪಂಗೆ ಸಾಲ, ಇರುಳು ಒರಕ್ಕಿಲ್ಲೆ. ಒಂದು ಕುದುರಗೆ 12 ಮಿನಾ, ಹೇಳಿರೆ 1,200 ದ್ರಾಕ್ಮ. ಕೈಕೆಲಸದವಂಗೆ ಅಂಬಗ ದಿನಕ್ಕೆ ಸುಮಾರು ಒಂದು ದ್ರಾಕ್ಮ ಸಂಬಳ! ಆ ಮಗಂಗೆ ಹೆಸರು ಮಡುಗುವಗಳೇ ಜಗಳ. ಅಬ್ಬೆ ದೊಡ್ಡ ಮನೆತನದ್ದು, ಹೆಸರಿಲಿ ‘ಹಿಪ್ಪೋಸ್’ ಇರೆಕ್ಕು ಹೇಳಿತ್ತು. ಅವರ ಭಾಷೆಲಿ ಅದು ಕುದುರೆ. ಅಪ್ಪಂಗೆ ಅಜ್ಜನ ಹೆಸರೇ ಆಯೆಕ್ಕು. ಅಖೇರಿಗೆ ಎರಡನ್ನೂ ಸೇರ್ಸಿ ಫೈಡಿಪ್ಪಿಡೀಸ್ ಹೇಳಿ ಆತು.

ಇನ್ನು ಹಟ್ಟಿಗೆ ಬಪ್ಪ. ಕುದುರೆಯ ಹಟ್ಟಿ ಯೆಜಮಾನನ ಕಣ್ಣಿಂಗೆ ಯೇವಗಳೂ ಕಾಂಬ ಹಾಂಗಿರೆಕ್ಕು ಹೇಳ್ತ° ಜೆನೊಫನ್. ಉಗ್ರಾಣದ ಸಾಮಾನು ಕಾದ ಹಾಂಗೆ ಕುದುರೆಯ ತಿಂಡಿಯನ್ನೂ ಕಳ್ಳರಿಂದ ಕಾಯೆಕ್ಕು. ನೆಲ ಚೆಂಡಿ ಇಪ್ಪಲಾಗ, ನೀರು ಹರುದು ಹೋಪಲೆ ಇಳಿಜಾರು ಬೇಕು. ಕುದುರಗೆ ಲಾಳ ಹೊಡವ ಕ್ರಮ ಅಂಬಗ ಅಲ್ಲಿ ಇತ್ತಿಲ್ಲೆ, ಗೊರಸೇ ಗಟ್ಟಿ ಇರೆಕ್ಕು. ಅದಕ್ಕೆ ಜಾಲಿಲಿ ನಾಕೈದು ಗಾಡಿ ಉರುಟು ಕಲ್ಲು ಹರಗುದು. ಒಂದೊಂದು ಕಲ್ಲು ಅರ್ಧ ಕಿಲಕ್ಕೆ ರಜ್ಜ ಕಮ್ಮಿ. ಅದರ ಮೇಲೆ ನಿಲ್ಲುಸಿ ಮೈ ತಿಕ್ಕುವಗ ಕುದುರೆ ಕಾಲು ಕುಟ್ಟುತ್ತನ್ನೆ, ಗೊರಸು ತನ್ನಿಂತಾನೇ ಗಟ್ಟಿ ಆವುತ್ತು. ತಲಗೆ ನೀರು ಹಾಕಿ ತೊಳವಲಕ್ಕು, ಕಾಲಿನ ದಿನಾ ತೊಳವಲಾಗ, ಗೊರಸು ಮೆದು ಆವುತ್ತು. ತಿಂಬಲೆ ಬಾರ್ಲಿ, ನಮ್ಮೋರು ಕುದುರಗೆ ಹುರುಳಿ ಕೊಟ್ಟ ಹಾಂಗೆ. ಅದು ಹೆಚ್ಚಾದರೆ ಸೀಕು. ಸುರುವಿಂಗೇ ಮದ್ದು ಮಾಡೆಕ್ಕು.

ಹತ್ತುಲೆ ರಿಕಾಪು ಇಲ್ಲೆ, ಹಾರಿಯೇ ಕೂರೆಕ್ಕು. ಎಲ್ಲದರಿಂದ ದೊಡ್ಡ ಮಾತು: ಕೋಪಲ್ಲಿ ಕುದುರೆಯ ಹತ್ತರೆ ಹೋಪಲೇ ಆಗ.

ಎನಗೆ ರಜ್ಜ ಬೇಜಾರ ಅಪ್ಪದು ಇಲ್ಲಿಂದ ಮತ್ತೆ. ಇವನೇ ಬರದ ಇನ್ನೊಂದು ಪುಸ್ತಕಲ್ಲಿ ಸಾಕ್ರಟೀಸ್ ಹೇಳ್ತ°, ಕುದುರೆಸವಾರರು ಪೊಗರಿನ ಕುದುರೆಯ ಆರುಸಿಗೊಂಬ ಹಾಂಗೆ ತಾನು ಕ್ಸಾಂಥಿಪ್ಪೆಯ ಮದುವೆ ಆದ್ದು ಹೇಳಿ. ಆ ಹೆಮ್ಮಕ್ಕಳ ಹೆಸರಿಲಿಯೂ ಕುದುರೆ ಇದ್ದನ್ನೆ, ತಮಾಶೆ ಮಾಡ್ಲೆ ಸುಲಾಬ ಆದಿಕ್ಕು! ಮಕ್ಕಳ ಸಾಂಕಿದ ಕ್ಸಾಂಥಿಪ್ಪೆ ಅದಕ್ಕೆ ಎಂತ ಉತ್ತರ ಕೊಡ್ತಿತು ಹೇಳಿ ಕೇಳ್ಲೆ ಎನಗೆ ಆಶೆ ಇದ್ದು.

ಮನೆವಾರ್ತೆಯ ಬಗ್ಗೆಯೂ ಜೆನೊಫನನ ಒಂದು ಪುಸ್ತಕ ಇದ್ದು. ಅದರಲ್ಲಿ ಇಸ್ಕೊಮಾಕಸ್ ಹೇಳ್ತ ಯೆಜಮಾನ° ಉದಿಯಪ್ಪಗ ತೋಟಕ್ಕೆ ನಡಕ್ಕೊಂಡು ಹೋವುತ್ತ°, ಆಳುಮಾಣಿ ಕುದುರೆಯ ಮುಂದೆ ಕರಕ್ಕೊಂಡು ಹೋವುತ್ತ°. ತೋಟ ನೋಡಿಕ್ಕಿ ಸವಾರಿ. ಮತ್ತೆ ಮಾಣಿ ಕುದುರೆಯ ಮಣ್ಣಿಲಿ ಹೊಡಚ್ಚುಲೆ ಬಿಟ್ಟು ಮನಗೆ ಕರಕ್ಕೊಂಡು ಬತ್ತ°. ಮದುವೆ ಅಪ್ಪಗ ಇಸ್ಕೊಮಾಕಸನ ಹೆಂಡತಿಗೆ 15 ವರ್ಷ ತುಂಬಿತ್ತಿಲ್ಲೆ. ಧಾನ್ಯ ಹಾಳಾಗದ್ದ ಹಾಂಗೆ ಮಡುಗುದು, ವರ್ಷದ ಖರ್ಚು ತಿಂಗಳಿಲಿ ಮುಗಿಯದ್ದ ಹಾಂಗೆ ನೋಡುದು, ಸೀಕಿಲಿಪ್ಪ ಆಳುಗಳ ಚಾಕರಿ, ಎಲ್ಲ ಆ ಕೂಸಿನ ತಲಗೆ. ಕುದುರೆಯ ಬಾರ್ಲಿಯೂ ಅದರ ಉಗ್ರಾಣಂದಲೇ ಹೋಗಿಕ್ಕು ಹೇಳಿ ಎನ್ನ ಅಂದಾಜಿ. ಅದರ ಹೆಸರು ಪುಸ್ತಕಲ್ಲಿ ಎಲ್ಲಿಯೂ ಇಲ್ಲೆ. ಆಳುಮಾಣಿಯ ಹೆಸರೂ ಇಲ್ಲೆ.